ಸಾಕುಪ್ರಾಣಿಗಳ ಅರ್ಬುದರೋಗದಲ್ಲಿ ದೂರಲಕ್ಷಣಗಳು: ಒಂದು ಚಾರಿತ್ರಿಕ ವಿಚಾರ

೧. ಪೀಠಿಕೆ

ನದಿಯ ನೀರು ಹಿಂದಿಗಿಂತ ತುಂಬಿ ರಭಸವಾಗಿ ಹರಿಯುವುದನ್ನು ಕಂಡು, ಮೇಲಣ ಪ್ರದೇಶದಲ್ಲಿ ಮಳೆಯಾಗಿದೆಯೆಂದು ತಿಳಿಯುವುದು 'ಶೇಷವತ್' ಎಂಬ ಅನುಮಾನವೆಂದು ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ಹೇಳಿದ್ದಾನೆ. ಕಂಡ ಕಾರ್ಯದಿಂದ ಕಾಣದ ಕಾರಣವನ್ನು ಊಹಿಸುವುದೇ ಇದರ ಸ್ವರೂಪ. ರೋಗನಿದಾನವೂ ಬಹುಮಟ್ಟಿಗೆ ಈ ಜಾತಿಯ ಅನುಮಾನವೇ ಆಗಿದೆ. ಆದರೆ ಸಾಮಾನ್ಯವಾಗಿ ವೈದ್ಯನು ಕಾರಣವನ್ನು ಲಕ್ಷಣದ ಸಮೀಪದಲ್ಲಿಯೇ ಹುಡುಕುತ್ತಾನೆ. ಕಾಲು ಊದಿದರೆ ಕಾಲನ್ನೂ, ಕೂದಲು ಉದುರಿದರೆ ಚರ್ಮವನ್ನೂ ಪರೀಕ್ಷಿಸುತ್ತಾನೆ. ಹೀಗೆ ಮಾಡುವುದು ಹತ್ತರಲ್ಲಿ ಒಂಬತ್ತು ಸಲ ಸರಿಯೇ. ಹತ್ತನೆಯ ಸಲ ಮಾತ್ರ ಮಳೆಯು ಬಹು ದೂರದ ಬೆಟ್ಟದಲ್ಲಿ ಬಿದ್ದಿರುತ್ತದೆ.

ಅರ್ಬುದವು ದೇಹವನ್ನು ಮೂರು ವಿಧವಾಗಿ ಕೆಡಿಸುತ್ತದೆ. ತಾನು ಹುಟ್ಟಿದ ಸ್ಥಳದಲ್ಲಿ ಬೆಳೆದು ಸುತ್ತಣ ಅಂಗಗಳನ್ನು ಒತ್ತುವುದು ಮೊದಲನೆಯದು. ತನ್ನ ಕಣಗಳನ್ನು ರಕ್ತದ ಮೂಲಕವಾಗಲಿ ದುಗ್ಧರಸದ ಮೂಲಕವಾಗಲಿ ಬೇರೆ ಕಡೆಗೆ ಕಳುಹಿಸಿ ಅಲ್ಲಿ ಮರಿಗಂತಿಗಳನ್ನು ಎಬ್ಬಿಸುವುದು ಎರಡನೆಯದು. ಈ ಎರಡೂ ಅಲ್ಲದ ಮೂರನೆಯ ವಿಧವೊಂದುಂಟು: ಅರ್ಬುದದ ಒಂದು ಕಣವೂ ಮುಟ್ಟದಿರುವ ಅಂಗದಲ್ಲಿ, ಅಥವಾ ದೇಹವೆಲ್ಲದರಲ್ಲಿ, ಅದರ ದೆಸೆಯಿಂದಲೇ ವಿಕಾರಗಳು ತೋರುವುದು. ಈ ಮೂರನೆಯ ಬಗೆಯನ್ನು ಪಾಶ್ಚಾತ್ಯ ವೈದ್ಯರು 'ಪ್ಯಾರಾನಿಯೋಪ್ಲಾಸ್ಟಿಕ್' ಲಕ್ಷಣಕೂಟಗಳೆಂದು ಕರೆಯುತ್ತಾರೆ. ನಾಯಿ, ಬೆಕ್ಕು, ಕುದುರೆ ಮೊದಲಾದ ಸಾಕುಪ್ರಾಣಿಗಳಲ್ಲಿ ಈ ಲಕ್ಷಣಗಳು ಹೇಗೆ ಗುರುತಿಗೆ ಬಂದುವೆಂಬುದೇ ಪ್ರಕೃತ ಲೇಖನದ ವಿಷಯ.

ಈ ಚರಿತ್ರೆಯನ್ನು ಮನುಷ್ಯವೈದ್ಯದ ಚರಿತ್ರೆಯನ್ನಾಗಿಯೇ ಬರೆದು, ಪಶುವೈದ್ಯವು ಅದನ್ನು ಹಿಂದಿನಿಂದ ಅನುಸರಿಸಿತೆಂದು ಕೊನೆಗೆ ಒಂದು ಮಾತನ್ನು ಸೇರಿಸುವುದು ವಾಡಿಕೆಯಾಗಿದೆ. ಸಂಗತಿಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದರೆ ಈ ವಾಡಿಕೆಯು ಅರ್ಧ ಮಾತ್ರ ನಿಜವೆಂದು ತೋರುತ್ತದೆ. ಲಕ್ಷಣಗಳ ಹೆಸರುಗಳು ಮನುಷ್ಯವೈದ್ಯದಿಂದ ಪಶುವೈದ್ಯಕ್ಕೆ ಬಂದುವು. ಆದರೆ ಆ ಲಕ್ಷಣಗಳಿಗೂ ಅರ್ಬುದಕ್ಕೂ ಇರುವ ಕಾರ್ಯಕಾರಣಸಂಬಂಧವನ್ನು ಸ್ಥಾಪಿಸಿದ ಸಾಕ್ಷ್ಯದಲ್ಲಿ ಬಹುಭಾಗವು ಸಾಕುಪ್ರಾಣಿಗಳಿಂದಲೇ ದೊರೆಯಿತು. ಇದನ್ನು ತೋರಿಸುವುದಕ್ಕೆ ಇಲ್ಲಿ ಪ್ರಯತ್ನಿಸಿದೆ.

೨. ಹೆಸರುಗಳ ವಿಚಾರ

ಕನ್ನಡದಲ್ಲಿ ಪಶುವೈದ್ಯಕ್ಕೆ ಪ್ರಾಚೀನವಾದ ಸ್ಥಾನವುಂಟು. ಚಾಳುಕ್ಯವಂಶದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ 'ಗೋವೈದ್ಯ'ವನ್ನೂ, ಪದ್ಮಣಪಂಡಿತನು ೧೬೨೭ರಲ್ಲಿ 'ಹಯಸಾರಸಮುಚ್ಚಯ'ವನ್ನೂ ರಚಿಸಿದುದು ವಾಚಕರಿಗೆ ತಿಳಿದೇ ಇದೆ. ಹೀಗಿರಲು ಪ್ರಕೃತ ವಿಷಯಕ್ಕೆ ನಮ್ಮ ನುಡಿಯಲ್ಲಿ ಒಂದು ಹೆಸರನ್ನು ಗೊತ್ತುಮಾಡಿಕೊಳ್ಳುವುದು ಅಯುಕ್ತವಾಗಲಾರದು.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದವನ್ನು ದುಂಡಾದ, ಕದಲದ, ಆಳವಾಗಿ ಬೇರೂರಿದ, ಮೆಲ್ಲಮೆಲ್ಲನೆ ಬೆಳೆಯುವ, ಕೀವುಗೊಳ್ಳದ ಊತವೆಂದು ವರ್ಣಿಸಿದೆ. ಗ್ರೀಕರು ಇಂಥ ಊತಕ್ಕೆ ಏಡಿಯ ಹೆಸರನ್ನಿಟ್ಟರು. ನಮ್ಮ 'ಏಡಿಗಂತಿ'ಯು ಅದನ್ನೇ ಅನುಸರಿಸಿ ಬಂದ ಮಾತು. ಈ ಎರಡು ಹೆಸರುಗಳೂ ಊತದ ಆಕಾರವನ್ನೂ ಸ್ಥಳವನ್ನೂ ಹೇಳುತ್ತವೆಯೇ ಹೊರತು ದೂರದ ಪರಿಣಾಮವನ್ನು ಹೇಳುವುದಿಲ್ಲ. 'ಪ್ಯಾರಾನಿಯೋಪ್ಲಾಸ್ಟಿಕ್' ಎಂಬ ವಿಶೇಷಣವನ್ನು ಫ್ರೆಂಚ್ ಭಾಷೆಯಲ್ಲಿ ೧೯೪೯ರಲ್ಲಿ ಗಿಷಾರ್ ಮತ್ತು ವಿನ್ಯೋನ್ ಎಂಬವರು ಪ್ರಯೋಗಿಸಿದರು. ಗ್ರೀಕಿನಲ್ಲಿ 'ಪಾರಾ' ಎಂದರೆ ಪಕ್ಕದಲ್ಲಿ. ಉಳಿದ ಭಾಗಕ್ಕೆ ಹೊಸ ಬೆಳವಣಿಗೆಯೆಂದು ಅರ್ಥ. ಇದನ್ನು ಅಕ್ಷರಶಃ ಅನುವಾದಿಸಿದರೆ ಅರ್ಬುದದ ಪಕ್ಕದಲ್ಲಿಯೇ ಇರುವುದೆಂಬ ತಪ್ಪುಗ್ರಹಿಕೆಗೆ ಎಡೆಯಾಗುತ್ತದೆ. ವಸ್ತುಸ್ಥಿತಿಯು ಅದಕ್ಕೆ ವಿರುದ್ಧವಾಗಿದೆ. ಆದ ಕಾರಣ ಈ ಲೇಖನದಲ್ಲಿ 'ದೂರಲಕ್ಷಣ' ಎಂಬ ಮಾತನ್ನು ಬಳಸಿದೆ.

ಹೆಸರು ಈಚಿನದಾದರೂ ವಿಷಯವು ಹಳೆಯದು. ಪ್ಯಾರಿಸ್ಸಿನ ಓಟೆಲ್ ದ್ಯೂ ಆಸ್ಪತ್ರೆಯ ವೈದ್ಯರಾದ ಆರ್ಮಾನ್ ತ್ರೂಸೋ ಎಂಬವರು, ಕಾಲಿನ ರಕ್ತನಾಳದಲ್ಲಿ ರಕ್ತವು ಹೆಪ್ಪುಗಟ್ಟಿ ನೋವಿನಿಂದ ಕೂಡಿದ ಬಿಳಿಯ ಊತವು ಕಾರಣವಿಲ್ಲದೆ ಬಂದರೆ, ಒಳಗೆ ಎಲ್ಲಿಯೋ ಏಡಿಗಂತಿಯು ಅಡಗಿರಬಹುದೆಂದು ೧೮೬೫ರಲ್ಲಿ ಉಪದೇಶಿಸಿದರು. ಎರಡು ವರ್ಷಗಳ ತರುವಾಯ, ೧೮೬೭ರಲ್ಲಿ, ಆ ಲಕ್ಷಣವನ್ನು ತಮ್ಮ ದೇಹದಲ್ಲಿಯೇ ಕಂಡು, ತಮ್ಮ ರೋಗವನ್ನು ತಾವೇ ನಿರ್ಣಯಿಸಿ, ಅದೇ ವರ್ಷ ಏಡಿಗಂತಿಯಿಂದ ತೀರಿಕೊಂಡರು. ದೂರಲಕ್ಷಣದಿಂದ ಅರ್ಬುದವನ್ನು ಅನುಮಾನಿಸಿದ ದೃಷ್ಟಾಂತಗಳಲ್ಲಿ ಇದಕ್ಕಿಂತ ಪ್ರಸಿದ್ಧವಾದುದು ಬೇರೊಂದಿಲ್ಲ. ಆದರೆ ಇಲ್ಲಿ ದೊರೆತುದು ಸಹಚಾರ ಮಾತ್ರ; ಒಂದಿದ್ದಲ್ಲಿ ಇನ್ನೊಂದು ಇರುವುದೆಂಬ ಅನುಭವವೇ ಹೊರತು, ಒಂದರಿಂದಲೇ ಇನ್ನೊಂದು ಹುಟ್ಟಿತೆಂಬುದಕ್ಕೆ ಪ್ರಮಾಣವಲ್ಲ. ಅಂಥ ಪ್ರಮಾಣಕ್ಕೆ ಅನ್ವಯದೊಡನೆ ವ್ಯತಿರೇಕವೂ ಬೇಕು: ಅರ್ಬುದವಿದ್ದಾಗ ಲಕ್ಷಣವಿರಬೇಕು, ಅರ್ಬುದವನ್ನು ತೆಗೆದಾಗ ಲಕ್ಷಣವು ಹೋಗಬೇಕು. ಮುಂದಿನ ಚರಿತ್ರೆಯೆಲ್ಲ ಈ ವ್ಯತಿರೇಕವನ್ನು ಅರಸಿದ ಚರಿತ್ರೆ.

೩. ಕಾಲಿನ ಮೂಳೆಗಳು

ವಿಯೆನ್ನಾ ನಗರದ ಓಯ್ಗನ್ ಬಾಂಬರ್ಗರ್ ೧೮೮೯ರಲ್ಲಿಯೂ, ಪ್ಯಾರಿಸ್ಸಿನ ಪಿಯೇರ್ ಮಾರೀ ೧೮೯೦ರಲ್ಲಿಯೂ, ಎದೆಯ ಬಹುಕಾಲದ ರೋಗಗಳಲ್ಲಿ ಕೈಕಾಲುಗಳ ಮೂಳೆಗಳು ದಪ್ಪವಾಗುವುದನ್ನು ವರ್ಣಿಸಿದರು. ಅಂಗಾಂಗಗಳು ಹಿರಿದಾಗುವ 'ಆಕ್ರೊಮೆಗಲಿ' ಎಂಬ ಬೇರೊಂದು ರೋಗವನ್ನು ೧೮೮೬ರಲ್ಲಿ ನಿರೂಪಿಸಿದ್ದವರೂ ಮಾರೀ ಅವರೇ. ಆ ರೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಅವರು ಸ್ಪಷ್ಟಪಡಿಸಿದರು.

ಈ ವಿಕಾರವು ನಾಯಿಗಳಲ್ಲಿ ಸಾಮಾನ್ಯವಾಗಿಯೂ, ಕುದುರೆ ಮೊದಲಾದುವುಗಳಲ್ಲಿ ವಿರಳವಾಗಿಯೂ ಕಂಡುಬರುತ್ತದೆ. ನಾಯಿಯು ಕುಂಟಲಾರಂಭಿಸುತ್ತದೆ, ನಾಲ್ಕು ಕಾಲುಗಳೂ ಬಿಸಿಯಾಗಿ, ಗಟ್ಟಿಯಾಗಿ ಊದುತ್ತವೆ. ನೋಡಿದವರು ಕೀಲುವಾಯುವೆಂದು ತಿಳಿದು ಕಾಲಿಗೆ ಔಷಧ ಮಾಡುತ್ತಾರೆ. ಆದರೆ ಕೀಲುಗಳಲ್ಲಿ ದೋಷವಿರುವುದಿಲ್ಲ. ಕ್ಷಕಿರಣದಿಂದ ನೋಡಿದರೆ ಪಂಜದ ಮೂಳೆಗಳಿಂದ ಮೊದಲ್ಗೊಂಡು ಮೇಲಕ್ಕೆ, ಹಳೆಯ ಮೂಳೆಯ ಮೇಲೆ ಹೊಸ ಮೂಳೆಯು ಒರಟಾದ ಪದರವಾಗಿ ಬೆಳೆದಿರುವುದು ಕಾಣುತ್ತದೆ. ಎದೆಯ ಚಿತ್ರವನ್ನು ತೆಗೆದಾಗ ಶ್ವಾಸಕೋಶದಲ್ಲಿ ಗಂತಿಯು ಗೋಚರಿಸುತ್ತದೆ. ಅಮೆರಿಕಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ರಾಬರ್ಟ್ ಬ್ರೋಡಿಯವರು ಇಂಥ ೬೦ ನಾಯಿಗಳ ವೃತ್ತಾಂತಗಳನ್ನು ಒಟ್ಟುಗೂಡಿಸಿ ೧೯೭೧ರಲ್ಲಿ ಪ್ರಕಟಿಸಿದರು.

ಎದೆಯ ಗಂತಿಗೂ ಕಾಲಿನ ಮೂಳೆಗೂ ಸಂಬಂಧವೆಂತು? ಮನುಷ್ಯರಲ್ಲಿ ಎದೆಯೊಳಗಿನ ವೇಗಸ್ ನರವನ್ನು ಕತ್ತರಿಸಿದರೆ ಕಾಲಿನ ವಿಕಾರವು ಇಳಿಯುವುದೆಂದು ಫ್ಲೇವೆಲ್ ಎಂಬ ಆಂಗ್ಲ ಶಸ್ತ್ರವೈದ್ಯರು ೧೯೫೬ರಲ್ಲಿ ತಿಳಿಸಿದರು. ನಾಯಿಗಳಲ್ಲಿಯೂ ಇದು ನಿಜವಾಯಿತು. ಗಂತಿಯನ್ನು ತೆಗೆದಾಗ, ಕೆಲವೊಮ್ಮೆ ನರವನ್ನು ಮಾತ್ರ ಕತ್ತರಿಸಿದಾಗಲೂ, ಕುಂಟುವುದು ಬೇಗ ನಿಂತು ಊತವು ಇಳಿಯುತ್ತದೆ. ಇಲ್ಲಿ ದೂತನ ಕೆಲಸವನ್ನು ನರವು ಮಾಡುತ್ತದೆಯೆಂಬುದು ಇದರಿಂದ ಊಹ್ಯವಾಗಿದೆ.

ಉಷ್ಣದೇಶಗಳಲ್ಲಿ ಈ ಲಕ್ಷಣಕ್ಕೆ ಮತ್ತೊಂದು ಕಾರಣವುಂಟು; ಭಾರತವೂ ಅವುಗಳಲ್ಲಿ ಸೇರಿದೆ. 'ಸ್ಪೈರೊಸರ್ಕ ಲೂಪಿ' ಎಂಬ ಕೆಂಪು ಹುಳುವು ನಾಯಿಯ ಅನ್ನನಾಳದ ಗೋಡೆಯಲ್ಲಿ ಗಂಟುಕಟ್ಟಿಕೊಂಡು ವಾಸಿಸುತ್ತದೆ. ಅದರ ಮೊಟ್ಟೆಗಳನ್ನು ಸಗಣಿಹುಳುವು ನುಂಗುತ್ತದೆ. ಆ ಸಗಣಿಹುಳುವನ್ನಾಗಲಿ, ಅದನ್ನು ತಿಂದ ಹಲ್ಲಿ ಕೋಳಿ ಮೊದಲಾದುವನ್ನಾಗಲಿ ತಿಂದ ನಾಯಿಗೆ ರೋಗವು ತಗಲುತ್ತದೆ. ಈ ಗಂಟುಗಳಲ್ಲಿ ಕೆಲವು ಅರ್ಬುದಗಳಾಗಿ ಮಾರ್ಪಡುತ್ತವೆಯೆಂಬುದನ್ನು ಅಮೆರಿಕಾದ ಬೇಲಿಯವರು ೧೯೬೩ರಲ್ಲಿ ವಿವರಿಸಿದರು. ಅಂಥ ನಾಯಿಗಳಲ್ಲಿಯೂ ಕಾಲಿನ ಮೂಳೆಗಳು ಬೆಳೆಯುವುದುಂಟು. ಹುಳು ಗಂಟಿಗೆ ಕಾರಣ, ಗಂಟು ಅರ್ಬುದಕ್ಕೆ ಕಾರಣ, ಅರ್ಬುದವು ಕುಂಟುವಿಕೆಗೆ ಕಾರಣ. ಕುಂಟುವ ನಾಯಿಯನ್ನು ನೋಡುವವನಿಗೆ ಈ ಸರಪಳಿಯ ಕೊನೆಯ ಕೊಂಡಿಯೊಂದೇ ಕಾಣುತ್ತದೆ.

೪. ಹಾರ್ಮೋನುಗಳನ್ನು ಸುರಿಸುವ ಅರ್ಬುದಗಳು

ನರದ ದಾರಿಗಿಂತ ರಕ್ತದ ದಾರಿಯು ಹೆಚ್ಚು ಸ್ಪಷ್ಟವಾಗಿ ಪರೀಕ್ಷೆಗೆ ಒಳಪಟ್ಟಿತು. ೧೯೨೧–೨೨ರಲ್ಲಿ ಇನ್ಸುಲಿನ್ ಎಂಬ ಸ್ರಾವವನ್ನು ಬೇರ್ಪಡಿಸಿದ ತರುವಾಯ, ಅದು ಅತಿಯಾದರೆ ರಕ್ತದ ಸಕ್ಕರೆಯು ಕುಸಿದು ಮೂರ್ಛೆಯುಂಟಾಗುವುದೆಂದು ತಿಳಿದಿತ್ತು. ಮೇದೋಜೀರಕಾಂಗದ ಅರ್ಬುದವೊಂದು ಇನ್ಸುಲಿನ್ನನ್ನು ಮಿತಿಮೀರಿ ಸುರಿಸಿದುದನ್ನು ಅಮೆರಿಕಾದ ಮೇಯೊ ವೈದ್ಯಶಾಲೆಯ ವೈಲ್ಡರ್ ಮೊದಲಾದವರು ೧೯೨೭ರಲ್ಲಿ ಮನುಷ್ಯನಲ್ಲಿ ಕಂಡರು. ಎಂಟು ವರ್ಷಗಳಲ್ಲಿಯೇ, ೧೯೩೫ರಲ್ಲಿ, ಚಿಕಾಗೋ ನಗರದ ಮಾಡ್ ಸ್ಲೈ ಮತ್ತು ಗಿಡಿಯನ್ ವೆಲ್ಸ್ ಎಂಬವರು ಅದೇ ರೋಗವನ್ನು ಒಂದು ನಾಯಿಯಲ್ಲಿ ವರ್ಣಿಸಿದರು. ಹಸಿದಾಗಲೂ ಓಡಾಡಿದಾಗಲೂ ನಾಯಿಯು ತತ್ತರಿಸಿ ಬೀಳುವುದು, ಸಕ್ಕರೆಯನ್ನು ಕೊಟ್ಟೊಡನೆ ಎದ್ದು ನಿಲ್ಲುವುದು ಈ ರೋಗದ ಗುರುತು. ಮಿದುಳಿನ ರೋಗವೆಂದು ಕಾಣುವ ಇದರ ಮೂಲವು ಹೊಟ್ಟೆಯಲ್ಲಿರುವ ಒಂದು ಚಿಕ್ಕ ಗಂಟು.

ಮುಂದಿನ ದೃಷ್ಟಾಂತವು ಇನ್ನೂ ಗಮನಾರ್ಹವಾದುದು. ವೃಷಣದೊಳಗಿನ ಕೆಲವು ಪೋಷಕಕಣಗಳಿಗೆ ಇಟಲಿ ದೇಶದ ಎನ್ರಿಕೋ ಸೆರ್ಟೋಲಿ ಎಂಬ ವಿದ್ವಾಂಸರ ಹೆಸರು ಬಂದಿದೆ. ಅವರು ಅವನ್ನು ವರ್ಣಿಸಿದುದು ೧೮೬೫ರಲ್ಲಿ; ಮುಂದೆ ಅವರು ಮಿಲಾನ್ ನಗರದ ಪಶುವೈದ್ಯಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಈ ಕಣಗಳಿಂದ ಹುಟ್ಟುವ ಅರ್ಬುದವು ಮನುಷ್ಯನಲ್ಲಿ ಅತಿವಿರಳ. ವಯಸ್ಸಾದ ಗಂಡುನಾಯಿಗಳಲ್ಲಿ, ಅದರಲ್ಲಿಯೂ ವೃಷಣವು ಕೆಳಗಿಳಿಯದೆ ಹೊಟ್ಟೆಯಲ್ಲಿಯೇ ಉಳಿದ ನಾಯಿಗಳಲ್ಲಿ, ಸಾಮಾನ್ಯ. ಇಂಥ ನಾಯಿಯ ಎರಡು ಪಕ್ಕೆಗಳಲ್ಲಿಯೂ ಸರಿಸಮವಾಗಿ ಕೂದಲು ಉದುರುತ್ತದೆ, ಮೊಲೆಗಳು ದೊಡ್ಡವಾಗುತ್ತವೆ, ಬೇರೆ ಗಂಡುನಾಯಿಗಳು ಅದನ್ನು ಹೆಣ್ಣೆಂದು ಭ್ರಮಿಸಿ ಹಿಂಬಾಲಿಸುತ್ತವೆ. ಚಾರ್ಲ್ಸ್ ಹಗಿನ್ಸ್ ಮತ್ತು ಮೌಲ್ಡರ್ ಎಂಬವರು ೧೯೪೫ರಲ್ಲಿ ಚಿಕಾಗೋದಲ್ಲಿ ಈ ಅರ್ಬುದಗಳನ್ನು ಪರೀಕ್ಷಿಸಿ, ಅವು ಈಸ್ಟ್ರೊಜನ್ ಎಂಬ ಸ್ತ್ರೀಹಾರ್ಮೋನನ್ನು ಉತ್ಪತ್ತಿಮಾಡುತ್ತವೆಯೆಂದು ಸಿದ್ಧಪಡಿಸಿದರು. ಹಾರ್ಮೋನುಗಳಿಂದ ಪುರುಷರ ಪ್ರಾಸ್ಟೇಟ್ ಗ್ರಂಥಿಯ ಏಡಿಗಂತಿಗೆ ಚಿಕಿತ್ಸೆಮಾಡಬಹುದೆಂದು ತೋರಿಸಿದುದಕ್ಕಾಗಿ ೧೯೬೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹಗಿನ್ಸರು ಇವರೇ. ಆ ಗ್ರಂಥಿಯ ವಿಷಯದಲ್ಲಿ ಅವರ ಮೊದಲ ಪರಿಶೋಧನೆಗಳು ನಡೆದುದೂ ನಾಯಿಗಳಲ್ಲಿಯೇ.

ಅರ್ಬುದದಿಂದ ಕೂಡಿದ ವೃಷಣವನ್ನು ತೆಗೆದರೆ ಕೂದಲು ಮರಳಿ ಬರುತ್ತದೆ, ಮೊಲೆಗಳು ಕುಗ್ಗುತ್ತವೆ. ಇದು ನಿರ್ದುಷ್ಟವಾದ ವ್ಯತಿರೇಕ. ಆದರೆ ಹೊರಗೆ ಕಾಣುವ ಈ ವಿನೋದಕರವಾದ ಲಕ್ಷಣಗಳ ಹಿಂದೆ ಘೋರವಾದ ಒಂದು ಅಪಾಯವುಂಟು. ಅತಿಯಾದ ಈಸ್ಟ್ರೊಜನ್ ಮೂಳೆಯೊಳಗಿನ ಮಜ್ಜೆಯನ್ನು ನಾಶಪಡಿಸಿ, ರಕ್ತಕಣಗಳ ಉತ್ಪತ್ತಿಯನ್ನೇ ನಿಲ್ಲಿಸಬಹುದು. ಆಗ ನಾಯಿಯು ರಕ್ತಹೀನತೆಯಿಂದಲೂ ರಕ್ತಸ್ರಾವದಿಂದಲೂ ಸಾಯುತ್ತದೆ. ಚರ್ಮದ ಕಜ್ಜಿಯೆಂದು ತಿಂಗಳುಗಟ್ಟಲೆ ಲೇಪನಮಾಡುತ್ತ ಕಾಲಕಳೆದವರಿಗೆ ಈ ಕೊನೆಯು ಆಕಸ್ಮಿಕವಾಗಿ ತೋರುತ್ತದೆ. ಲಕ್ಷಣವನ್ನು ಸರಿಯಾಗಿ ಓದಿದವರಿಗೆ ಅದು ತಪ್ಪಿಸಬಹುದಾಗಿದ್ದ ಕೊನೆ.

೫. ಬಾಯಾರಿಕೆಯ ನಾಯಿಗಳು

ರಕ್ತದ ಸುಣ್ಣದ ಅಂಶದ, ಎಂದರೆ ಕ್ಯಾಲ್ಸಿಯಮ್ಮಿನ, ವೃತ್ತಾಂತವು ಈ ಚರಿತ್ರೆಯ ಮಧ್ಯಭಾಗ. ಕ್ಯಾಲ್ಸಿಯಂ ಹೆಚ್ಚಾದರೆ ಮೂತ್ರಪಿಂಡವು ನೀರನ್ನು ಹಿಡಿದಿಡಲಾರದು. ಪ್ರಾಣಿಯು ಹೇರಳವಾಗಿ ಮೂತ್ರಮಾಡುತ್ತ ಹೇರಳವಾಗಿ ನೀರು ಕುಡಿಯುತ್ತದೆ. ಸ್ನಾಯುಗಳು ಬಲಗುಂದುತ್ತವೆ, ಮಲಬದ್ಧತೆಯುಂಟಾಗುತ್ತದೆ, ಕ್ರಮೇಣ ಮೂತ್ರಪಿಂಡಗಳು ಕೆಡುತ್ತವೆ. ಈ ಲಕ್ಷಣಗಳನ್ನು ನೋಡಿ ಮಧುಮೇಹವೆಂದೋ ಮೂತ್ರಪಿಂಡದ ರೋಗವೆಂದೋ ನಿರ್ಣಯಿಸುವುದು ಸಹಜ.

೧೯೪೧ರಲ್ಲಿ ಬಾಸ್ಟನ್ ನಗರದ ಫುಲ್ಲರ್ ಆಲ್‌ಬ್ರೈಟ್ ಎಂಬ ವೈದ್ಯರು, ಮೂತ್ರಪಿಂಡದ ಏಡಿಗಂತಿಯಿದ್ದ ಒಬ್ಬ ರೋಗಿಯ ವಿಷಯದಲ್ಲಿ ಒಂದು ವಿಚಾರವನ್ನು ಮುಂದಿಟ್ಟರು. ಗಂತಿಯು ಮೂಳೆಯನ್ನು ಕರಗಿಸಿದುದರಿಂದ ಮಾತ್ರ ಕ್ಯಾಲ್ಸಿಯಂ ಏರಿದ್ದರೆ, ಮೂಳೆಯಲ್ಲಿಯೇ ಇರುವ ರಂಜಕದ ಅಂಶವೂ ರಕ್ತದಲ್ಲಿ ಏರಬೇಕಾಗಿತ್ತು. ಆದರೆ ಅದು ಇಳಿದಿತ್ತು. ಒಂದು ಏರಿ ಇನ್ನೊಂದು ಇಳಿಯುವುದು ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನಿನ ಕಾರ್ಯ. ಆದುದರಿಂದ ಗಂತಿಯೇ ಆ ಹಾರ್ಮೋನನ್ನು ಸುರಿಸುತ್ತಿರಬಹುದೆಂದು ಅವರು ಊಹಿಸಿದರು. ಅನುಮಾನದ ದೃಷ್ಟಿಯಿಂದ ಇದು ಅತ್ಯಂತ ಸೊಗಸಾದ ಊಹೆ. ಆದರೆ ಗಂತಿಯಲ್ಲಿ ಆ ಹಾರ್ಮೋನನ್ನು ಹುಡುಕಿದಾಗ ಅದು ದೊರೆಯಲಿಲ್ಲ. ಊಹೆಯು ನಿರ್ಣಯವಾಗುವುದಕ್ಕೆ ೪೬ ವರ್ಷಗಳು ಹಿಡಿದುವು.

ಈ ನಡುಗಾಲದಲ್ಲಿ ನಾಯಿಯು ಮಹತ್ತಾದ ಸಾಕ್ಷ್ಯವನ್ನು ನೀಡಿತು. ನಾಯಿಯ ಗುದದ್ವಾರದ ಎರಡು ಪಕ್ಕಗಳಲ್ಲಿಯೂ ವಾಸನೆಯ ದ್ರವವನ್ನು ತುಂಬಿಕೊಂಡ ಎರಡು ಚೀಲಗಳಿವೆ. ಆ ಚೀಲದ ಗೋಡೆಯಲ್ಲಿರುವ ಗ್ರಂಥಿಗಳಿಂದ ಹುಟ್ಟುವ ಅರ್ಬುದವು ಅನೇಕವೇಳೆ ಹೊರಗೆ ಕಾಣದಷ್ಟು ಚಿಕ್ಕದು. ಹಾಲೆಂಡಿನ ಊಟ್ರೆಕ್ಟ್ ನಗರದ ರೇಯ್ನ್‌ಬರ್ಕ್ ಮತ್ತು ಅವರ ಸಹೋದ್ಯೋಗಿಗಳು ೧೯೭೮ರಲ್ಲಿ, ಈ ಸ್ಥಳದಲ್ಲಿ ಅರ್ಬುದವಿದ್ದ ಮುದಿ ಹೆಣ್ಣುನಾಯಿಗಳ ರಕ್ತದಲ್ಲಿ ಕ್ಯಾಲ್ಸಿಯಂ ಏರಿರುವುದನ್ನು ವರ್ಣಿಸಿದರು. ೧೯೮೧ರಲ್ಲಿ ಅಮೆರಿಕಾದ ಓಹಾಯೊ ಸಂಸ್ಥಾನದ ವಿಶ್ವವಿದ್ಯಾನಿಲಯದಲ್ಲಿ ಮ್ಯೂಟನ್, ಕೇಪನ್ ಮೊದಲಾದವರು ಈ ವಿಷಯವನ್ನು ವಿಸ್ತಾರವಾಗಿ ಶೋಧಿಸಿದರು. ಅವರಿಗೆ ಕಂಡ ಸಂಗತಿಗಳು ಮುಖ್ಯವಾಗಿ ಮೂರು. ಅರ್ಬುದವನ್ನು ಶಸ್ತ್ರದಿಂದ ತೆಗೆದಾಗ ಕ್ಯಾಲ್ಸಿಯಂ ಸಹಜಸ್ಥಿತಿಗೆ ಇಳಿಯಿತು. ಅರ್ಬುದವು ಮತ್ತೆ ಬೆಳೆದಾಗ ಕ್ಯಾಲ್ಸಿಯಂ ಮತ್ತೆ ಏರಿತು. ನಾಯಿಯ ಸ್ವಂತ ಪ್ಯಾರಾಥೈರಾಯ್ಡ್ ಗ್ರಂಥಿಗಳು ಕೆಲಸವಿಲ್ಲದೆ ಕುಗ್ಗಿದ್ದುವು. ಮೊದಲಿನ ಎರಡು ಸಂಗತಿಗಳು ಅನ್ವಯವ್ಯತಿರೇಕಗಳು. ಮೂರನೆಯದು, ಆ ಗ್ರಂಥಿಗಳೇ ಕಾರಣವಾಗಿರಬಹುದೆಂಬ ಶಂಕೆಯನ್ನು ಪರಿಹರಿಸಿತು. ಈ ಅರ್ಬುದವನ್ನು ರೋಗನಿರೋಧಶಕ್ತಿಯಿಲ್ಲದ ಬೋಳು ಇಲಿಗಳಲ್ಲಿ ನಾಟಿಮಾಡಿದಾಗ ಆ ಇಲಿಗಳ ಕ್ಯಾಲ್ಸಿಯಮ್ಮೂ ಏರಿತು.

೧೯೮೭ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಜಾನ್ ಮಾರ್ಟಿನ್ ಮತ್ತು ಅವರ ಸಂಗಡಿಗರೂ, ಅಮೆರಿಕಾದ ಎರಡು ಪಂಡಿತಮಂಡಲಿಗಳೂ, ಮನುಷ್ಯರ ಅರ್ಬುದಗಳಿಂದ ಈ ಸ್ರಾವವನ್ನು ಬೇರ್ಪಡಿಸಿದರು. ಅದು ಪ್ಯಾರಾಥೈರಾಯ್ಡ್ ಹಾರ್ಮೋನಲ್ಲ; ಅದರ ದಾಯಾದಿಯಾದ ಬೇರೊಂದು ಪ್ರೋಟೀನು. ಎರಡರ ಮೊದಲ ೧೩ ಘಟಕಗಳಲ್ಲಿ ೮ ಒಂದೇ ಆಗಿರುವುದರಿಂದ ದೇಹವು ಒಂದನ್ನು ಇನ್ನೊಂದೆಂದು ಸ್ವೀಕರಿಸುತ್ತದೆ. ಆಲ್‌ಬ್ರೈಟರ ಊಹೆಯು ತತ್ತ್ವದಲ್ಲಿ ಸರಿಯಾಗಿ, ವಸ್ತುವಿನಲ್ಲಿ ಮಾತ್ರ ಬೇರೆಯಾಯಿತು. ನಾಯಿಯ ಅರ್ಬುದದಲ್ಲಿಯೂ ಇದೇ ಪ್ರೋಟೀನು ಕಂಡುಬಂದಿತು.

ಈ ಪ್ರೋಟೀನು ಅರ್ಬುದದ ಸೃಷ್ಟಿಯಲ್ಲವೆಂಬುದು ತರುವಾಯ ತಿಳಿದ ಸಂಗತಿ. ಹಸುವಿನ ಹಾಲಿನಲ್ಲಿ ಅದು ಹೇರಳವಾಗಿದೆಯೆಂದು ೧೯೮೯ರಲ್ಲಿ ಗೊತ್ತಾಯಿತು; ಕುರಿಯ ಗರ್ಭದಲ್ಲಿರುವ ಮರಿಗೆ ತಾಯಿಯಿಂದ ಕ್ಯಾಲ್ಸಿಯಂ ಸಾಗುವುದರಲ್ಲಿಯೂ ಅದಕ್ಕೆ ಪಾತ್ರವಿರುವುದು ಪ್ರಯೋಗಗಳಿಂದ ಕಂಡಿತು. ತಾಯಿಯು ಮರಿಯನ್ನು ಬೆಳೆಸಲು ಬಳಸುವ ಸಾಧನವನ್ನೇ ಅರ್ಬುದವು ಸ್ಥಳ ಕಾಲಗಳ ಮರ್ಯಾದೆಯಿಲ್ಲದೆ ಬಳಸುತ್ತದೆ. ದೂರಲಕ್ಷಣಗಳಲ್ಲಿ ಅನೇಕವು ಈ ಬಗೆಯವು: ವಿಷವು ಹೊಸದಲ್ಲ, ಹಳೆಯ ಔಷಧವೇ ಅಸ್ಥಾನದಲ್ಲಿ ಬಿದ್ದಿದೆ.

೬. ಉಗ್ರಾಣದ ಕಣಗಳು

ಪಾಲ್ ಎರ್ಲಿಖ್ ಎಂಬ ಜರ್ಮನ್ ಪಂಡಿತರು ೧೮೭೮ರಲ್ಲಿ ಕಾಳುಗಳಿಂದ ತುಂಬಿದ ಕೆಲವು ಕಣಗಳನ್ನು ಬಣ್ಣಕಟ್ಟಿ ತೋರಿಸಿ, ಅವು ಚೆನ್ನಾಗಿ ಉಂಡು ಕೊಬ್ಬಿದ ಕಣಗಳೆಂಬ ಭಾವದಿಂದ 'ಮಾಸ್ಟ್' ಕಣಗಳೆಂದು ಹೆಸರಿಟ್ಟರು. ಆ ಕಾಳುಗಳಲ್ಲಿ ಏನಿದೆಯೆಂದು ತಿಳಿಯಲು ಆರೋಗ್ಯವಂತ ದೇಹವು ಅನುಕೂಲವಲ್ಲ; ಅಲ್ಲಿ ಈ ಕಣಗಳು ಚದರಿಹೋಗಿರುತ್ತವೆ. ನಾಯಿಯ ಚರ್ಮದಲ್ಲಿ ಮಾತ್ರ ಈ ಕಣಗಳೇ ರಾಶಿಗೂಡಿದ ಅರ್ಬುದವು ಬಹು ಸಾಮಾನ್ಯ. ೧೯೪೭ರಲ್ಲಿ ಆಲಿವರ್, ಬ್ಲೂಮ್, ಮಾಂಜಿಯೇರಿ ಎಂಬವರು ಅಂಥ ಅರ್ಬುದಗಳಿಂದ ಹೆಪಾರಿನ್ ಎಂಬ ರಕ್ತವನ್ನು ಹೆಪ್ಪುಗಟ್ಟಗೊಡದ ದ್ರವ್ಯವನ್ನು ಪಡೆದರು. ಸ್ಕಾಟ್ಲೆಂಡಿನ ಡಂಡೀ ನಗರದ ರೈಲಿ ಮತ್ತು ವೆಸ್ಟ್ ಎಂಬವರು ಈ ಕಣಗಳಲ್ಲಿ ಹಿಸ್ಟಮಿನ್ ಇರುವುದನ್ನು ೧೯೫೩ರಲ್ಲಿ ಪ್ರಕಟಿಸಿ, ಮರುವರ್ಷ ನಾಯಿಗಳ ಅರ್ಬುದದಲ್ಲಿ ಈ ಎರಡು ದ್ರವ್ಯಗಳನ್ನೂ ತೋರಿಸಿದರು.

ಈ ಅರಿವಿನಿಂದ ನಾಯಿಯ ಒಂದು ದೂರಲಕ್ಷಣಕ್ಕೆ ಅರ್ಥವು ದೊರೆಯಿತು. ಚರ್ಮದ ಮೇಲೆ ಒಂದು ಗಂಟು. ನಾಯಿಯು ವಾಂತಿಮಾಡುತ್ತದೆ, ಮಲವು ಕಪ್ಪಾಗುತ್ತದೆ, ಜಠರದಲ್ಲಿ ಹುಣ್ಣು. ಗಂಟಿನಿಂದ ಹೊರಟ ಹಿಸ್ಟಮಿನ್ ಜಠರದಲ್ಲಿ ಆಮ್ಲದ ಸ್ರಾವವನ್ನು ಕೆರಳಿಸುವುದೇ ಇದಕ್ಕೆ ಕಾರಣ. ೧೯೭೨ರಲ್ಲಿ ಜೇಮ್ಸ್ ಬ್ಲ್ಯಾಕ್ ಮತ್ತು ಸಂಗಡಿಗರು ಹಿಸ್ಟಮಿನ್ನಿನ ಈ ಕಾರ್ಯವನ್ನು ತಡೆಯುವ ದ್ರವ್ಯಗಳನ್ನು ಪ್ರಕಟಿಸಿದ ಮೇಲೆ ಅಂಥ ಔಷಧಗಳು ಈ ನಾಯಿಗಳಿಗೂ ಉಪಕಾರಕವಾದುವು. ನಾಯಿಯ ಗಂಟು ವೈದ್ಯರಿಗೆ ಕೊಟ್ಟ ವಿದ್ಯೆಯು ಸುತ್ತಿಬಂದು ನಾಯಿಗೇ ಸಂದಿತು.

೭. ಉಪಾಧಿಯ ಶಂಕೆ

ಇಷ್ಟರಿಂದ ದೂರಲಕ್ಷಣವೆಲ್ಲವೂ ಅರ್ಬುದದ ಕಾರ್ಯವೇ ಎಂದು ನಿಶ್ಚಯಿಸಿದರೆ ಅತಿವ್ಯಾಪ್ತಿಯಾಗುತ್ತದೆ. ಎರಡು ಸಂಗತಿಗಳು ಕೂಡಿ ತೋರುವಲ್ಲಿ ಮೂರನೆಯದೊಂದು ಮರೆಯಾಗಿರಬಹುದೆಂದು ನೈಯಾಯಿಕರು ಎಚ್ಚರಿಸುತ್ತಾರೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದರೆ ಹಸಿ ಸೌದೆಯೆಂಬ ಉಪಾಧಿಯನ್ನು ಮರೆತಂತಾಗುತ್ತದೆ.

ನಾರ್ವೇ ದೇಶದ ಲಿಯುಮ್ ಮತ್ತು ಮೋ ಎಂಬವರು ೧೯೮೫ರಲ್ಲಿ ಜರ್ಮನ್ ಕುರುಬನಾಯಿಗಳ ಒಂದು ವಂಶಪಾರಂಪರ್ಯ ರೋಗವನ್ನು ವರ್ಣಿಸಿದರು. ಕಾಲು ತಲೆಗಳ ಚರ್ಮದಲ್ಲಿ ಗಟ್ಟಿಯಾದ ಅನೇಕ ಗಂಟುಗಳು. ಅವು ತಾವಾಗಿ ನಿರಪಾಯವಾದುವು. ಆದರೆ ಅಂಥ ನಾಯಿಗಳ ಎರಡು ಮೂತ್ರಪಿಂಡಗಳಲ್ಲಿಯೂ ಅರ್ಬುದಗಳು. ಮೂತ್ರಪಿಂಡದ ಅರ್ಬುದವೇ ಚರ್ಮದ ಗಂಟುಗಳನ್ನು ಎಬ್ಬಿಸುತ್ತದೆಯೆಂದು ಹೇಳುವುದು ಸುಲಭವಾಗಿತ್ತು. ೨೦೦೦ದಲ್ಲಿ ಈ ರೋಗದ ವಂಶಬೀಜವು ನಾಯಿಯ ಐದನೆಯ ವರ್ಣತಂತುವಿನಲ್ಲಿದೆಯೆಂದು ಗೊತ್ತಾಯಿತು. ಚರ್ಮದ ಗಂಟುಗಳೂ ಮೂತ್ರಪಿಂಡದ ಅರ್ಬುದಗಳೂ ಮನುಷ್ಯನಲ್ಲಿ ಒಟ್ಟಿಗೆ ತೋರುವ ಒಂದು ರೋಗಕ್ಕೆ, ಅದನ್ನು ೧೯೭೭ರಲ್ಲಿ ವರ್ಣಿಸಿದ ಬರ್ಟ್, ಹಾಗ್, ಡುಬೇ ಎಂಬವರ ಹೆಸರು ಬಂದಿದೆ. ಅದರ ವಂಶಬೀಜವು ೨೦೦೨ರಲ್ಲಿ ದೊರೆಯಿತು. ೨೦೦೩ರಲ್ಲಿ ಲಿಂಗೋಸ್ ಮತ್ತು ಸಂಗಡಿಗರು ನಾಯಿಯಲ್ಲಿಯೂ ಅದೇ ಬೀಜದ ದೋಷವನ್ನು ತೋರಿಸಿದರು. ಎಂದರೆ ಚರ್ಮ ಮೂತ್ರಪಿಂಡಗಳ ಎರಡು ವಿಕಾರಗಳೂ ಒಂದೇ ಬೀಜದೋಷಕ್ಕೆ ಸಂಬಂಧಪಟ್ಟುವು. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಬರಿಯ ಸಹಚಾರವು ಸಾಲದು.

ಗುದಚೀಲದ ಅರ್ಬುದದ ವಿಷಯದಲ್ಲಿಯೂ ಇಂಥ ಒಂದು ತಿದ್ದುಪಡಿ ನಡೆಯಿತು. ಮೊದಲ ವರದಿಗಳನ್ನು ಓದಿದವರು ಇದನ್ನು ಮುದಿ ಹೆಣ್ಣುನಾಯಿಗಳ ರೋಗವೆಂದೇ ಭಾವಿಸಿದ್ದರು. ಹೆಚ್ಚು ನಾಯಿಗಳನ್ನು ನೋಡಿದ ಮೇಲೆ ಗಂಡುಹೆಣ್ಣುಗಳೆರಡರಲ್ಲಿಯೂ ಇದು ಉಂಟೆಂದು ತಿಳಿಯಿತು. ಮೊದಲು ಕಂಡುದನ್ನೇ ನಿಯಮವೆಂದು ಬಗೆಯುವುದು ವೈದ್ಯಕ್ಕೆ ಮಾತ್ರ ಸೇರಿದ ದೋಷವಲ್ಲ. ಶಾಸನಗಳನ್ನೂ ಓಲೆಪ್ರತಿಗಳನ್ನೂ ಪರಿಶೋಧಿಸುವವರಿಗೆ ಇದರ ಪರಿಚಯವು ಚೆನ್ನಾಗಿಯೇ ಇದೆ.

ಇದಕ್ಕೆ ಪ್ರತಿಯಾಗಿ, ಕಾರಣದ ಸ್ವರೂಪವು ತಿಳಿಯದಿದ್ದರೂ ಸಂಬಂಧವು ಸಿದ್ಧವಾಗುವ ಸಂದರ್ಭಗಳುಂಟು. ಬೆಕ್ಕಿನ ಹೊಟ್ಟೆ ಕಾಲುಗಳ ಕೂದಲು ಉದುರಿ, ಚರ್ಮವು ಮೆರುಗುಕೊಟ್ಟಂತೆ ಹೊಳೆಯುವ ಒಂದು ರೋಗವನ್ನು ೧೯೯೪ರಲ್ಲಿ ಮೂರು ಬೆಕ್ಕುಗಳಲ್ಲಿ ವರ್ಣಿಸಿದರು; ಮೂರರಲ್ಲಿಯೂ ಮೇದೋಜೀರಕಾಂಗದ ಏಡಿಗಂತಿಯಿತ್ತು. ೧೯೯೯ರಲ್ಲಿ ವರದಿಯಾದ ಒಂದು ಬೆಕ್ಕಿಗೆ ಗಂತಿಯನ್ನು ತೆಗೆದ ಮೇಲೆ ಕೂದಲು ಪುನಃ ಬೆಳೆಯಿತು. ಗಂತಿಯ ಮರಿಗಳು ಹರಡಿದಾಗ ಕೂದಲು ಪುನಃ ಉದುರಿತು. ಗಂತಿಯು ಕೂದಲಿನ ಮೇಲೆ ಯಾವ ದಾರಿಯಿಂದ ವರ್ತಿಸುತ್ತದೆಯೆಂಬುದು ಇನ್ನೂ ನಿರ್ಧರವಾಗಿಲ್ಲ. ಆದರೂ ಸಂಬಂಧವನ್ನು ಸಂಶಯಿಸಲು ಅವಕಾಶವಿಲ್ಲ.

೮. ಉಪಸಂಹಾರ

ಸಾಕುಪ್ರಾಣಿಗಳು ಈ ವಿಷಯದಲ್ಲಿ ಇಷ್ಟು ಸಾಕ್ಷ್ಯವನ್ನು ಕೊ�ಡಲು ಕಾರಣಗಳೇನು? ಮೊದಲನೆಯದಾಗಿ, ಕೆಲವು ಅರ್ಬುದಗಳು ಮನುಷ್ಯನಲ್ಲಿ ವಿರಳವಾಗಿಯೂ ನಾಯಿಯಲ್ಲಿ ಹೇರಳವಾಗಿಯೂ ಇವೆ. ಎರಡನೆಯದಾಗಿ, ಅವು ಪ್ರಯೋಗಶಾಲೆಯಲ್ಲಿ ಬೇಕೆಂದು ಎಬ್ಬಿಸಿದ ರೋಗಗಳಲ್ಲ. ಮನುಷ್ಯನೊಡನೆ ಅದೇ ಮನೆಯಲ್ಲಿ ಬಾಳಿ ಮುದಿಯಾದ ಪ್ರಾಣಿಗಳಿಗೆ ತಾವಾಗಿ ಬಂದುವು. ದನ, ಕುರಿ, ಹಂದಿಗಳ ವಿಷಯದಲ್ಲಿ ನಮ್ಮ ತಿಳಿವಳಿಕೆಯು ಕಡಮೆಯಾಗಿರುವುದಕ್ಕೂ ಇದೇ ಕಾರಣ. ಮಾಂಸಕ್ಕಾಗಿಯೋ ಹಾಲಿಗಾಗಿಯೋ ಸಾಕಿದ ಪ್ರಾಣಿಗಳನ್ನು ಅರ್ಬುದವು ಬರುವ ವಯಸ್ಸಿನವರೆಗೆ ಇಟ್ಟುಕೊಳ್ಳುವುದು ಪಾಶ್ಚಾತ್ಯ ದೇಶಗಳಲ್ಲಿ ಅಪೂರ್ವ. ಯಾವ ಪ್ರಾಣಿಯನ್ನು ಮುದಿತನದವರೆಗೆ ಸಾಕುತ್ತೇವೆಯೋ ಅದರ ಮುದಿತನದ ರೋಗಗಳನ್ನು ಮಾತ್ರ ಅರಿಯಬಲ್ಲೆವು.

ಮೂರನೆಯ ಕಾರಣವು ಸ್ವಲ್ಪ ಸೂಕ್ಷ್ಮವಾದುದು. ಪ್ರಾಣಿಗೆ ಮಾತಿಲ್ಲ. ಮನುಷ್ಯರೋಗಿಯು ಕಾಲುನೋವೆಂದು ಹೇಳಿ ವೈದ್ಯನ ಗಮನವನ್ನು ಕಾಲಿನ ಕಡೆಗೇ ಸೆಳೆಯುತ್ತಾನೆ. ನಾಯಿಯು ಹಾಗೆ ಹೇಳಲಾರದಾದುದರಿಂದ ಪಶುವೈದ್ಯನು ಇಡೀ ದೇಹವನ್ನು ಮೊದಲಿನಿಂದ ಕೊನೆಯವರೆಗೆ ನೋಡಲೇಬೇಕಾಗುತ್ತದೆ. ದೂರಲಕ್ಷಣವನ್ನು ಅದರ ಮೂಲದೊಡನೆ ಕೂಡಿಸುವವರಿಗೆ ಬೇಕಾದುದು ಇಂಥ ಪೂರ್ಣದೃಷ್ಟಿಯೇ.

ಇದರ ಪ್ರಯೋಜನವು ಪಾಂಡಿತ್ಯಕ್ಕೆ ಮಾತ್ರ ಸಂಬಂಧಪಟ್ಟುದಲ್ಲ. ನಾಯಿಯು ಅತಿಯಾಗಿ ನೀರು ಕುಡಿದಾಗ ಗುದಚೀಲವನ್ನು ಬೆರಳಿನಿಂದ ಮುಟ್ಟಿ ನೋಡುವ ವೈದ್ಯನು, ಮೂತ್ರಪಿಂಡಗಳು ಕೆಡುವುದಕ್ಕೆ ಮುಂಚೆಯೇ ಅರ್ಬುದವನ್ನು ಕಂಡುಹಿಡಿಯಬಲ್ಲನು; ನೋಡದ ವೈದ್ಯನಿಗೆ ಆ ಅವಕಾಶವು ತಪ್ಪುತ್ತದೆ. ಎರಡಕ್ಕೂ ನಡುವೆ ಇರುವುದು ಒಂದು ಪ್ರಾಣದ ಅಂತರ. ತುಂಬಿದ ನದಿಯನ್ನು ಕಂಡವನು ದಡಕ್ಕೆ ಕಟ್ಟೆ ಹಾಕುವುದರಲ್ಲಿಯೇ ತೃಪ್ತನಾಗದೆ, ಮಳೆಯು ಬಿದ್ದ ಬೆಟ್ಟವನ್ನೂ ಹುಡುಕಬೇಕು. ಹುಡುಕಿ ಕಂಡ ಬೆಟ್ಟವೇ ಆ ನದಿಯ ಮೂಲವೆಂಬುದನ್ನು ವ್ಯತಿರೇಕದಿಂದ ಪರೀಕ್ಷಿಸಬೇಕು. ಕಳೆದ ಒಂದೂವರೆ ಶತಮಾನದಲ್ಲಿ ಈ ಎರಡು ಕಾರ್ಯಗಳಲ್ಲಿಯೂ ಮನುಷ್ಯನಿಗೆ ನೆರವಾದ ಮೂಕಸಾಕ್ಷಿಗಳಿಗೆ ವೈದ್ಯಚರಿತ್ರೆಯಲ್ಲಿ ಕೊನೆಯ ಸಾಲಿಗಿಂತ ಮೇಲಾದ ಸ್ಥಾನವು ಸಲ್ಲತಕ್ಕದ್ದಾಗಿದೆ.